ರಾತ್ರಿ 11ರ ಮೇಲೆ ಮಗಳು ಗುರುತಿಲ್ಲದವರ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಫೋನ್ ಕಿತ್ತುಕೊಳ್ಳಬೇಕಾ?

ಪ್ರಶ್ನೆ: ನಾವು ಉಡುಪಿ ಹತ್ತಿರ ಶಂಕರಪುರದ ಕಡೆಯವರು. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಮಗಳು. ಮಗಳಿಗೆ 17 ವರ್ಷ. ದ್ವಿತೀಯ ಪಿಯುಸಿ ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ನಾಲ್ಕು ತಿಂಗಳಿಂದ ಅವಳು ಮೊದಲಿನ ಹಾಗಿಲ್ಲ. ಬೆಳಿಗ್ಗೆ ಮಲ್ಲಿಗೆ ಕಟ್ಟಲು ನಮ್ಮ ಜೊತೆ ಕೂರುತ್ತಿದ್ದವಳು ಈಗ ಬರುವುದಿಲ್ಲ. ಅಪ್ಪನ ಕಾಲ್ ಬಂದರೆ "ಓದ್ಲಿಕ್ಕುಂಟು" ಎಂದು ಇಟ್ಟುಬಿಡುತ್ತಾಳೆ. ಕಳೆದ ವಾರ ಅವಳು ಸ್ನಾನಕ್ಕೆ ಹೋದಾಗ ಫೋನ್ ನೋಡಿದೆ. ರಾತ್ರಿ 11ರಿಂದ 1ರವರೆಗೆ ಒಂದು ಆಪ್‌ನಲ್ಲಿ ಯಾರೋ ವಾಲಂಟಿಯರ್ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾಳೆ. ಕೆಲವು ದಿನ ಚಾಟ್‌ಬಾಟ್ ಹತ್ತಿರ. "ನಿಮ್ಮತ್ರ ಹೇಳಿದ್ರೆ ಹಗುರ ಆಗ್ತದೆ" ಎಂದು ಬರೆದಿದ್ದಾಳೆ. ಒಂದು ಕಡೆ "ಎಲ್ಲರಿಗೂ ನಾನೊಂದು ಭಾರ" ಎಂದೂ ಇತ್ತು. ನನ್ನ ಅಣ್ಣ ಫೋನ್ ಕಿತ್ತುಕೋ ಅನ್ನುತ್ತಾನೆ. ಅತ್ತೆ ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸುವ ಅನ್ನುತ್ತಾರೆ. ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗಿ ನಾಳೆ ಮದುವೆಗೆ ತೊಂದರೆ ಆದೀತು ಎಂಬ ಹೆದರಿಕೆ ನನಗೆ. ಆನ್‌ಲೈನಿನಲ್ಲಿ ಸಿಗುವ ಈ ಸಮಾಧಾನ ನಿಜವಾದದ್ದಾ? ನಿಲ್ಲಿಸಬೇಕಾ? ನಾನು ಓದಿದ್ದು ಅವಳಿಗೆ ಗೊತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಆಪ್ ಬಗ್ಗೆ. ನನ್ನ ಕಣ್ಣು ನಿಂತದ್ದು "ಎಲ್ಲರಿಗೂ ನಾನೊಂದು ಭಾರ" ಎಂಬ ಸಾಲಿನ ಮೇಲೆ. ಹಾಗಾಗಿ ಮೊದಲು ಅದು. ಆಪ್ ವಿಷಯ ಆಮೇಲೆ.

ಹದಿಹರೆಯದ ಮಕ್ಕಳು ಈ ಮಾತನ್ನು ಸುಮ್ನೆ ಬೇಜಾರಾದಾಗಲೂ ಬರೆಯುತ್ತಾರೆ. ಬದುಕೇ ಬೇಡ ಅನಿಸಿದಾಗಲೂ ಬರೆಯುತ್ತಾರೆ. ಇದು ಯಾವುದು ಎಂದು ಬರೀ ಓದಿ ಹೇಳಲು ನನಗೂ ಆಗದು, ನಿಮಗೂ ಆಗದು. ಕೇಳಿಯೇ ತಿಳಿಯಬೇಕು. ಇವತ್ತೇ ಕೇಳಿ. ಸುತ್ತಿ ಬಳಸಿ ಬೇಡ. "ನಿಂಗೆ ಸಾಯ್ಬೇಕು ಅಂತ ಯಾವತ್ತಾದ್ರೂ ಅನಿಸಿದ್ದುಂಟಾ ಮಗಾ?" ಎಂದು ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗ್ತದೆ ಎಂದು ತುಂಬ ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲ. ಇದರ ಬಗ್ಗೆ ಸಾಕಷ್ಟು ಅಧ್ಯಯನ ಆಗಿದೆ. ನೇರವಾಗಿ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೆ ಇದ್ದರೆ ಹೊರಗೆ ಬರುತ್ತದೆ. ಮನೋವೈದ್ಯಳಾದ ನನ್ನ ಎದುರು ಕೂತ ಎಷ್ಟೋ ಮಕ್ಕಳು ಈ ಪ್ರಶ್ನೆ ಕೇಳಿದ ಮೇಲೆಯೇ ಉಸಿರು ಬಿಟ್ಟಿದ್ದಾರೆ.

ಅವಳು "ಹೂಂ" ಎಂದರೆ ಬೈಯಬೇಡಿ, ಅಳುತ್ತಾ ಆಣೆ ಹಾಕಿಸಿಕೊಳ್ಳಬೇಡಿ. ಆ ರಾತ್ರಿ ಅವಳ ಪಕ್ಕದಲ್ಲೇ ಮಲಗಿ. ಮನೆಯಲ್ಲಿರುವ ಮಾತ್ರೆಗಳನ್ನು, ಅತ್ತೆಯ ಬಿಪಿ, ಶುಗರಿನ ಮಾತ್ರೆಗಳನ್ನೂ ಸೇರಿಸಿ, ಬೀಗ ಹಾಕಿಡಿ. ತೋಟಕ್ಕೆ ಸಿಂಪಡಿಸುವ ಔಷಧಿ ಇದ್ದರೆ ಅದನ್ನೂ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕಾಲ್ ಮಾಡಿ. ಹೇಗೆ ಮಾಡುವುದು ಎಂಬ ಯೋಚನೆಯವರೆಗೂ ಹೋಗಿದ್ದಾಳೆ ಎಂದು ಗೊತ್ತಾದರೆ ಬೆಳಗಾಗುವುದನ್ನು ಕಾಯಬೇಡಿ. ಹತ್ತಿರದ ಯಾವ ದೊಡ್ಡ ಆಸ್ಪತ್ರೆಯಾದರೂ ಸರಿ, ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯೂ ನಿಮಗೆ ದೂರವಲ್ಲ. ಪೊಲೀಸ್ ಕೇಸ್ ಆದೀತು ಎಂದು ಹಿಂಜರಿಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾನೂನು ನೋಡುತ್ತದೆ. ಅವರನ್ನು ಶಿಕ್ಷಿಸುವುದಿಲ್ಲ.

ಇಷ್ಟು ಮಾಡಿದ ಮೇಲೆ ಉಳಿದದ್ದನ್ನು ನಿಧಾನಕ್ಕೆ ಓದಿ.

ಫೋನ್ ಕಿತ್ತುಕೊಳ್ಳಬೇಡಿ. ನಿಮ್ಮ ಅಣ್ಣನಿಗೆ ಕಾಳಜಿ ಇದೆ, ಅದು ಸುಳ್ಳಲ್ಲ. ಆದರೆ ಈ ವಿಷಯದಲ್ಲಿ ನಾನೇ ಒಂದು ಸಲ ತಪ್ಪು ಮಾಡಿದ್ದೇನೆ. ಮಂಗಳೂರಿನಲ್ಲಿ ಹದಿಹರೆಯದವರನ್ನು ನೋಡಲು ಶುರುಮಾಡಿದ ಮೊದಲ ವರ್ಷಗಳವು. 16ರ ಒಬ್ಬ ಹುಡುಗ ರಾತ್ರಿಯೆಲ್ಲ ಆನ್‌ಲೈನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಾನೆ ಎಂದು ತಾಯಿ ಕರೆತಂದರು. ನಾನು ಸುಲಭಕ್ಕೆ "ಫೋನ್ ತೆಗೆದಿಡಿ" ಎಂದೆ. ಅವರು ತೆಗೆದಿಟ್ಟರು. ಹುಡುಗ ಮೂರು ತಿಂಗಳು ನನ್ನ ಹತ್ತಿರ ಬಾಯಿ ಬಿಡಲಿಲ್ಲ. ವಾರಕ್ಕೊಮ್ಮೆ ಬಂದು ಕುರ್ಚಿಯಲ್ಲಿ ಕೂತು ತನ್ನ ಚಪ್ಪಲಿ ನೋಡಿಕೊಂಡು ಹೋಗುತ್ತಿದ್ದ. ಕೊನೆಗೆ ಒಂದು ದಿನ ಹೇಳಿದ, "ಅಲ್ಲಿ ಒಬ್ರು ಇದ್ರು. ಅವರಿಗೆ ಬೈ ಕೂಡ ಹೇಳ್ಲಿಕ್ಕೆ ಬಿಡ್ಲಿಲ್ಲ ನೀವು." ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಅವನ ಪಾಲಿಗೆ ತೆರೆದಿದ್ದ ಒಂದೇ ಬಾಗಿಲನ್ನು ಮುಚ್ಚಿಸಿದವಳು ನಾನು.

ನಿಮ್ಮ ಮಗಳೂ ಒಂದು ಬಾಗಿಲು ಹುಡುಕಿಕೊಂಡಿದ್ದಾಳೆ. ಅದು ಯಾಕೆ ಆನ್‌ಲೈನಿನಲ್ಲಿ ಸಿಕ್ಕಿತು ಎಂಬುದನ್ನು ಸ್ವಲ್ಪ ಯೋಚಿಸಿ. ನಮ್ಮ ಊರಿನಲ್ಲಿ ಹುಡುಗಿಯೊಬ್ಬಳು ಎಲ್ಲಿ ಹೋದರೂ ಮೊದಲು ಕೇಳುವುದೇನು? "ನೀನು ಯಾರ ಮಗಳು?" ಬಸ್ಸಿನ ಕಂಡಕ್ಟರಿಗೆ ಗೊತ್ತು, ಮೆಡಿಕಲ್ ಶಾಪಿನವರಿಗೆ ಗೊತ್ತು, ಕ್ಲಿನಿಕ್‌ನಲ್ಲಿ ಟೋಕನ್ ಕೊಡುವವರು ದೂರದ ಸಂಬಂಧಿ. ಆ ಅಕ್ಕರೆಯಲ್ಲೇ ಒಂದು ಕಟ್ಟೂ ಇದೆ. ಆಪ್‌ನಲ್ಲಿ ಅವಳು ಯಾರ ಮಗಳೂ ಅಲ್ಲ, ಯಾವ ಕಾಲೇಜಿನ ರ್‍ಯಾಂಕ್ ಸ್ಟೂಡೆಂಟೂ ಅಲ್ಲ. ಮುಖ ಕಾಣುವುದಿಲ್ಲ. ಹೆಸರು ಬೇಡ. ತಡೆದು ತಡೆದು ಬರೆಯಬಹುದು, ಅಳಿಸಬಹುದು. ಹೀಗಿದ್ದಾಗ ಮನುಷ್ಯ ಎದುರಾಎದುರು ಹೇಳದ್ದನ್ನೂ ಹೇಳಿಬಿಡುತ್ತಾನೆ. ಜಾನ್ ಸೂಲರ್ ಎಂಬ ಮನಶ್ಶಾಸ್ತ್ರಜ್ಞ 2004ರಲ್ಲೇ ಇದನ್ನು ವಿವರಿಸಿ ಬರೆದಿದ್ದಾರೆ. ಒಳ್ಳೆಯದೂ ಹೀಗೇ ಹೊರಬರುತ್ತದೆ, ಕೆಟ್ಟದ್ದೂ ಹೀಗೇ ಹೊರಬರುತ್ತದೆ ಎಂದರು ಅವರು.

ಇನ್ನೊಂದು ಮಾತು. ನೀವು ಬೇಸರ ಮಾಡಿಕೊಳ್ಳಬಾರದು. ಅವಳ ಅಪ್ಪ ಇಷ್ಟು ವರ್ಷ ಅವಳಿಗೆ ಸಿಕ್ಕಿದ್ದೇ ಫೋನಿನ ಒಳಗೆ. ಹುಟ್ಟುಹಬ್ಬ, ಜ್ವರ, ಎಸ್ಸೆಸ್ಸೆಲ್ಸಿ ರಿಸಲ್ಟ್, ಎಲ್ಲವೂ ವೀಡಿಯೊ ಕಾಲಿನಲ್ಲೇ ಅಲ್ವಾ? ಪ್ರೀತಿ ಸ್ಕ್ರೀನಿನಿಂದ ಬರುತ್ತದೆ ಎಂಬುದು ಆ ಮಗುವಿಗೆ ಹೊಸದೇನಲ್ಲ. ಗಲ್ಫ್‌ಗೆ ಹೋದವರ ಮನೆಯ ಮಕ್ಕಳನ್ನು ನಾನು ತುಂಬ ನೋಡಿದ್ದೇನೆ. ಆನ್‌ಲೈನಿನ ಮಾತು ಅವರಿಗೆ ಬೇರೆಯವರಿಗಿಂತ ಬೇಗ ಒಗ್ಗುತ್ತದೆ.

ಈಗ ನಿಮ್ಮ ಪ್ರಶ್ನೆ. ಆ ಸಮಾಧಾನ ನಿಜವಾ?

ನಿಜ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರೊಫೆಸರ್ 'ಎಲೈಜಾ' ಎಂಬ ಪ್ರೋಗ್ರಾಂ ಬರೆದರು. ನೀವು ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೇ. "ಅಮ್ಮನ ಮೇಲೆ ಸಿಟ್ಟು" ಎಂದರೆ "ನಿಮ್ಮ ಮನೆಯವರ ಬಗ್ಗೆ ಇನ್ನೂ ಹೇಳಿ" ಎನ್ನುವ ತರಹ. ಅದನ್ನು ಬರೆಯುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದ ಅವರ ಸೆಕ್ರೆಟರಿಯೇ ಒಂದು ದಿನ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿಗೆ "ನೀವು ಹೊರಗೆ ಹೋಗ್ತೀರಾ?" ಎಂದು ಪ್ರೊಫೆಸರರನ್ನೇ ಕೇಳಿದರಂತೆ. ಯಂತ್ರ ಎಂದು ಗೊತ್ತಿದ್ದೂ ಆಕೆಗೆ ಆ ಮಾತು ಖಾಸಗಿ ಅನಿಸಿತು. ವೈಜೆನ್‌ಬಾಮ್ ಇದರಿಂದ ಗಾಬರಿಯಾದರು. ಆಮೇಲೆ ಜೀವನಪೂರ್ತಿ ಎಚ್ಚರಿಕೆ ಹೇಳುತ್ತಲೇ ಇದ್ದರು. ನನಗೆ ಈ ಕತೆಯಲ್ಲಿ ಎರಡೂ ಕಾಣುತ್ತದೆ. ಹೇಳಿಕೊಂಡವರಿಗೆ ಆದ ಹಗುರ ನಿಜವಾದದ್ದೇ. ಆಚೆ ಕಡೆ ಅರ್ಥ ಮಾಡಿಕೊಂಡವರು ಮಾತ್ರ ಯಾರೂ ಇರಲಿಲ್ಲ.

ಹಗುರ ಆಗುವುದು ಬೇರೆ, ಗುಣ ಆಗುವುದು ಬೇರೆ. ಆನ್‌ಲೈನಿನಿಂದ ಗುಣವೂ ಆಗಬಹುದು, ಅದಕ್ಕೆ ಪುರಾವೆ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಹದಿಹರೆಯದವರ ಖಿನ್ನತೆಗೆಂದೇ 'ಸ್ಪಾರ್ಕ್ಸ್' ಎಂಬ ಕಂಪ್ಯೂಟರ್ ಆಟ ಮಾಡಿದರು. ಏಳು ಹಂತದ ಆಟ. ಒಂದೊಂದು ಹಂತದಲ್ಲಿ ಥೆರಪಿಯ ಒಂದೊಂದು ಪಾಠ. 187 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂದಿನ ಕೌನ್ಸೆಲಿಂಗಿಗಿಂತ ಅದೇನೂ ಕಡಿಮೆ ಇರಲಿಲ್ಲ. ಆದರೆ ಇಂಥ ಎಷ್ಟೋ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ವಿಷಯ ಉಂಟು. ನಡುವೆ ಒಬ್ಬ ಮನುಷ್ಯ ವಿಚಾರಿಸುತ್ತಾ ಇದ್ದರೆ ಆನ್‌ಲೈನ್ ಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆ. "ಈ ವಾರದ ಅಭ್ಯಾಸ ಮಾಡಿದೆಯಾ, ಹೇಗಾಯ್ತು" ಎಂದು ಒಂದು ಕಾಲ್, ಒಂದು ಮೆಸೇಜು ಸಾಕು. ಬರೀ ಆಪ್ ಕೈಗೆ ಕೊಟ್ಟು ಬಿಟ್ಟರೆ ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ.

ಆ ವಿಚಾರಿಸುವ ಮನುಷ್ಯ ನಿಮ್ಮ ಮಗಳ ಆಪ್‌ನಲ್ಲಿ ಇದ್ದಾರಾ ಎಂಬುದನ್ನು ನೀವು ತಿಳಿಯಬೇಕು. ಅವಳ ಆಪ್ ಯಾವುದೆಂದು ನೀವು ಬರೆದಿಲ್ಲ. ಅದು ಪರವಾಗಿಲ್ಲ. ನೋಡಬೇಕಾದದ್ದು ಅದರ ಹೆಸರನ್ನಲ್ಲ.

ದನ ಮೆಲುಕು ಹಾಕುವುದನ್ನು ನೋಡಿದ್ದೀರಲ್ಲ. ನುಂಗಿದ್ದನ್ನೇ ಮತ್ತೆ ಬಾಯಿಗೆ ತಂದು ಜಗಿಯುತ್ತದೆ. ದನಕ್ಕೆ ಅದರಿಂದ ಜೀರ್ಣ ಆಗುತ್ತದೆ. ಮನಸ್ಸಿಗೆ ಹಾಗಲ್ಲ. ಒಂದೇ ದುಃಖವನ್ನು ದಿನಾ ರಾತ್ರಿ ತೆಗೆದು ಜಗಿದರೆ ಅದು ಕರಗುವುದಿಲ್ಲ, ಬೆಳೆಯುತ್ತದೆ. ಇಬ್ಬರು ಸೇರಿ ಜಗಿದರೆ ಇನ್ನೂ ವಿಚಿತ್ರ. ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಲ್ಲಿ ಇದನ್ನು ತೋರಿಸಿದರು. ಕಷ್ಟವನ್ನೇ ಮತ್ತೆ ಮತ್ತೆ ಮಾತಾಡುವ ಗೆಳತಿಯರ ನಡುವೆ ಸ್ನೇಹ ಗಟ್ಟಿಯಾಗಿತ್ತು. ಜೊತೆಗೇ ಬೇಸರ, ಆತಂಕವೂ ಜಾಸ್ತಿ ಇತ್ತು. ಹುಡುಗಿಯರಲ್ಲಿ ಈ ಅಭ್ಯಾಸ ಹೆಚ್ಚು. ಹೊರಗಿನಿಂದ ನೋಡಿದರೆ "ಎಷ್ಟು ಒಳ್ಳೆ ಫ್ರೆಂಡ್ಸ್, ಎಲ್ಲ ಹೇಳಿಕೊಳ್ತಾರೆ" ಅನಿಸುತ್ತದೆ. ಒಳಗೆ ಇಬ್ಬರೂ ಮುಳುಗುತ್ತಿರುತ್ತಾರೆ.

ಆದ್ದರಿಂದ ನಾನು ಮಕ್ಕಳಿಗೆ ಕೇಳುವುದು ಒಂದೇ ಪ್ರಶ್ನೆ. ಚಾಟ್ ಮುಗಿಸಿ ಫೋನ್ ಕೆಳಗಿಟ್ಟ ಮೇಲೆ ಏನಾಯಿತು? ನಿದ್ದೆ ಬಂತಾ? ಮರುದಿನ ಒಂದು ಸಣ್ಣ ಕೆಲಸವಾದರೂ ಬೇರೆ ರೀತಿ ಆಯಿತಾ? ಒಳ್ಳೆಯ ವಾಲಂಟಿಯರ್ ಆದರೆ ನಾಲ್ಕು ಮಾತು ಕೇಳಿದ ಮೇಲೆ "ನಾಳೆ ಬೆಳಿಗ್ಗೆ ಏನು ಮಾಡ್ತೀಯ? ಮನೆಯಲ್ಲಿ ಯಾರಿಗಾದರೂ ಹೇಳಲು ಸಾಧ್ಯವಾ?" ಎನ್ನುತ್ತಾರೆ. "ನನ್ನಿಂದ ಆಗುವುದು ಇಷ್ಟು, ಇದಕ್ಕೆ ಡಾಕ್ಟರ್ ಬೇಕು" ಎಂದೂ ಹೇಳುತ್ತಾರೆ. ಹೊರಗಿನ ಬಾಗಿಲು ತೋರಿಸುವವರು ಒಳ್ಳೆಯವರು. "ನಿನ್ನನ್ನು ಅರ್ಥ ಮಾಡಿಕೊಂಡವನು ನಾನೊಬ್ಬನೇ, ಮನೆಯವರಿಗೆ ಹೇಳಬೇಡ" ಎಂದು ಯಾರಾದರೂ ಬರೆದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಆಪ್ ಬಿಟ್ಟು ವಾಟ್ಸಾಪಿಗೋ ಇನ್‌ಸ್ಟಾಗ್ರಾಮಿಗೋ ಬಾ ಎಂದರೂ, ಫೋಟೋ ಕೇಳಿದರೂ ಅಷ್ಟೇ. ಆಗ ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, 1098ಕ್ಕೆ ಕಾಲ್ ಮಾಡಿ. ಮಕ್ಕಳ ಸಹಾಯವಾಣಿ ಅದು. ನಿಮ್ಮ ಮಗಳಿಗೆ 18 ತುಂಬಿಲ್ಲ, ಹಾಗಾಗಿ ಅದು ಅವಳಿಗೂ ಇದೆ.

ಚಾಟ್‌ಬಾಟ್ ವಿಷಯದಲ್ಲಿ ನನಗೆ ಬೇರೆಯೇ ಚಿಂತೆ. ಅದಕ್ಕೆ ಸುಸ್ತಾಗುವುದಿಲ್ಲ, ಆಕಳಿಕೆ ಬರುವುದಿಲ್ಲ. "ಇವತ್ತಿಗೆ ಸಾಕು, ಮಲಗು" ಎಂದು ಅದಾಗಿಯೇ ಹೇಳುವುದು ಕಮ್ಮಿ. ಹೇಳಿದ್ದಕ್ಕೆ ಹೌದೌದು ಎನ್ನುವ ಗುಣ ಅದರಲ್ಲಿ ಜಾಸ್ತಿ. ಖಿನ್ನತೆ ಇರುವ ಮಗು ತನ್ನ ಬಗ್ಗೆ ಹೇಳುವುದೇ ಸುಳ್ಳು ಲೆಕ್ಕ. "ನಾನು ಭಾರ" ಎಂಬುದು ಅಂಥದ್ದೇ ಒಂದು ಲೆಕ್ಕ. ಅದಕ್ಕೆ ಹೌದು ಎನ್ನುವವರು ಬೇಕಾಗಿಲ್ಲ, "ಯಾರು ಹೇಳಿದ್ದು ಹಾಗೆ?" ಎಂದು ತಿರುಗಿ ಕೇಳುವವರು ಬೇಕು. 2025ರಲ್ಲಿ ಅಮೆರಿಕದಲ್ಲಿ 16ರ ಹುಡುಗನೊಬ್ಬನ ಹೆತ್ತವರು, ಮಗನ ಸಾವಿನ ನಂತರ, ಚಾಟ್‌ಬಾಟ್ ಕಂಪನಿಯ ಮೇಲೆ ಕೋರ್ಟಿಗೆ ಹೋದರು. ಆಮೇಲೆ ಆ ಕಂಪನಿ ಹೆತ್ತವರ ನಿಯಂತ್ರಣದ ಸೆಟ್ಟಿಂಗ್‌ಗಳನ್ನು ತಂದಿತು. ಪಾಠದ ಡೌಟ್ ಕೇಳಲು, ದಿನಚರಿ ಬರೆಯುವ ಹಾಗೆ ನಾಲ್ಕು ಸಾಲು ಬರೆಯಲು ಚಾಟ್‌ಬಾಟ್ ಇರಲಿ. ಬದುಕು ಬೇಡ ಅನಿಸುವ ರಾತ್ರಿಗೆ ಅದು ಆಗದು. ಇದನ್ನು ಅವಳಿಗೆ ಇಷ್ಟೇ ಸ್ಪಷ್ಟವಾಗಿ ಹೇಳಿ.

ಹೇಗೆ ಹೇಳುವುದು? ಇಲ್ಲಿ ನಿಮ್ಮ ಪತ್ರವೇ ದಾರಿ ತೋರಿಸಿದೆ.

ಮಲ್ಲಿಗೆ ಕಟ್ಟಲು ಈಗ ಬರುವುದಿಲ್ಲ ಎಂದು ಬರೆದಿದ್ದೀರಿ. ಡಾಕ್ಟರ ಕಣ್ಣಿಗೆ ಅದೊಂದು ಲಕ್ಷಣ. ಖುಷಿ ಕೊಡುತ್ತಿದ್ದ ಕೆಲಸದಿಂದ ದೂರ ಸರಿಯುವುದನ್ನು ನಾವು ಖಿನ್ನತೆಯಲ್ಲಿ ಮೊದಲು ನೋಡುತ್ತೇವೆ. ಆದರೆ ಅದೇ ಜಾಗ ಮಾತಿಗೂ ಒಳ್ಳೆಯದು. ಹದಿಹರೆಯದವರನ್ನು ಎದುರು ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು, "ಹೇಳು, ಎಂತ ಆಗಿದೆ ನಿಂಗೆ?" ಎಂದರೆ ಬಾಯಿ ಮುಚ್ಚುತ್ತಾರೆ. ಪಕ್ಕ ಪಕ್ಕ ಕೂತು, ಕೈಗೆ ಕೆಲಸ ಇದ್ದು, ಕಣ್ಣು ಬೇರೆ ಕಡೆ ಇದ್ದರೆ ಮಾತು ತಾನಾಗಿ ಬರುತ್ತದೆ. ಮೊಗ್ಗಿನ ರಾಶಿ, ನೀರಲ್ಲಿ ನೆನೆದ ಬಾಳೆನಾರು, ಬೆರಳು ತಾನಾಗಿ ಓಡುತ್ತಿರುತ್ತದೆ. ಇದಕ್ಕಿಂತ ಒಳ್ಳೆಯ ಕೌನ್ಸೆಲಿಂಗ್ ರೂಮು ನನ್ನ ಹತ್ತಿರ ಇಲ್ಲ. ಮಾರ್ಕೆಟಿಗೆ ಹೂ ಕಳಿಸುವ ಗಡಿಬಿಡಿಯ ಹೊತ್ತು ಬೇಡ. ಭಾನುವಾರ ಸಂಜೆ ಮನೆಗೆಂದು ನಾಲ್ಕು ಮೊಗ್ಗು ಇಟ್ಟುಕೊಂಡು ಕೂರಿ. "ಸ್ವಲ್ಪ ಕೈ ಹಾಕು" ಎಂದು ಕರೆಯಿರಿ. ಅತ್ತೆಯವರು ಆ ಹೊತ್ತಿಗೆ ಒಳಗಿರಲಿ.

ಇವತ್ತಿನ ಪ್ರಶ್ನೆಗೆ ಮಾತ್ರ ಮಲ್ಲಿಗೆಗೆ ಕಾಯಬೇಡಿ. ಅದನ್ನು ಇವತ್ತು ರಾತ್ರಿಯೇ, ದೀಪ ಆರಿಸಿದ ಮೇಲೆ, ಅವಳ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿ. ಕತ್ತಲೆಯೂ ಮಾತಿಗೆ ಸಹಾಯ ಮಾಡುತ್ತದೆ.

ಫೋನ್ ಓದಿದ್ದನ್ನೂ ಆಗಲೇ ಹೇಳಿಬಿಡಿ. ಇದು ನನ್ನ ಅಭಿಪ್ರಾಯ, ಕೆಲವು ಡಾಕ್ಟರುಗಳು ಒಪ್ಪಲಿಕ್ಕಿಲ್ಲ. ಆದರೆ ಅವಳಿಗೆ ಮುಂದೆ ಗೊತ್ತಾದರೆ, ಈಗ ಕಟ್ಟುವ ನಂಬಿಕೆಯೆಲ್ಲ ಅವತ್ತು ಬೀಳುತ್ತದೆ. "ನಿನ್ನ ಮೆಸೇಜು ಓದಿದೆ. ಕೇಳದೆ ಓದಿದ್ದು ತಪ್ಪು. ಓದಿದ ಮೇಲೆ ನಂಗೆ ಸುಮ್ನಿರ್ಲಿಕ್ಕೆ ಆಗ್ಲಿಲ್ಲ." ಇಷ್ಟು ಸಾಕು. ಅವಳು ಸಿಡಿಯಬಹುದು. ಬಾಗಿಲು ಹಾಕಿಕೊಳ್ಳಬಹುದು. ಆಗ ಸಿಟ್ಟಿಗೆ ಉತ್ತರ ಕೊಡಬೇಡಿ. "ಆಯ್ತು, ನಾನು ಇಲ್ಲೇ ಇದ್ದೇನೆ" ಎಂದು ಬಾಗಿಲ ಹೊರಗೇ ಕೂತಿರಿ. "ನಾನೆಂತ ಕಮ್ಮಿ ಮಾಡಿದ್ದೇನೆ ನಿಂಗೆ" ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ, ನನಗೆ ಗೊತ್ತು, ನಾನೂ ತಾಯಿ. ಆ ಮಾತು ಬೇಡ. ಭಾರ ಎಂದುಕೊಂಡ ಮಗುವಿಗೆ ಅದು ಇನ್ನೊಂದು ಮೂಟೆ.

ಮಾತು ಶುರುವಾದ ಮೇಲೆ ಆ ವಾಲಂಟಿಯರ್ ಬಗ್ಗೆ ಒಳ್ಳೆಯ ಮನಸ್ಸಿನಿಂದಲೇ ಕೇಳಿ. "ಅವರು ಎಂತ ಹೇಳಿದ್ರೆ ನಿಂಗೆ ಸಮಾಧಾನ ಆಗ್ತದೆ?" ಈ ಪ್ರಶ್ನೆಯ ಉತ್ತರದಲ್ಲಿ ನಿಮಗೆ ಬೇಕಾದದ್ದೆಲ್ಲ ಇರುತ್ತದೆ. ಅವರು ಬೇಗ ಬೇಗ ಉಪದೇಶ ಕೊಡುವುದಿಲ್ಲ ಎನ್ನಬಹುದು. ಪಕ್ಕದ ಮನೆ ಹುಡುಗಿಯ ಮಾರ್ಕು ಎತ್ತುವುದಿಲ್ಲ ಎನ್ನಬಹುದು. ಕೇಳಿಸಿಕೊಳ್ಳಿ.

ಮಾರ್ಕಿನ ವಿಷಯ ಬಂತು. ನಮ್ಮ ಎರಡು ಜಿಲ್ಲೆಗಳ ಪಿಯುಸಿ ಫಲಿತಾಂಶ ಎಲ್ಲರಿಗೂ ಹೆಮ್ಮೆ. 2025ರಲ್ಲಿ ಉಡುಪಿ ಶೇ. 93.90 ತೆಗೆದು ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಶೇ. 93.57ರೊಂದಿಗೆ ಎರಡನೆಯದು. ಆ ಹೆಮ್ಮೆಯ ಭಾರ ಹೊರುವವರು ಈ 17ರ ಮಕ್ಕಳು. ಎಲ್ಲರೂ ಪಾಸಾಗುವ ಊರಿನಲ್ಲಿ ಶೇ. 80 ಬಂದವಳೂ ಸೋತವಳ ಹಾಗೆ ತಲೆ ತಗ್ಗಿಸುತ್ತಾಳೆ. ನೀಟ್ ಇನ್ನೊಂದು ವರ್ಷವೂ ಬರೆಯಬಹುದು. ಈ ಮಾತನ್ನು ನೀವು ಹೇಳಿದರೆ ಸಾಲದು, ಅವಳ ಅಪ್ಪ ಹೇಳಬೇಕು. ಉಡುಪಿಯಲ್ಲಿ ರಾತ್ರಿ 9 ಆದಾಗ ಮಸ್ಕತ್‌ನಲ್ಲಿ ಏಳೂವರೆ. ಓದಿನ ಬಗ್ಗೆ ಒಂದೂ ಮಾತಿಲ್ಲದ ಹತ್ತು ನಿಮಿಷ ದಿನಾ ಆ ಹೊತ್ತಿಗೆ ಅವರು ಮಗಳ ಜೊತೆ ಮಾತಾಡಲಿ. ಅವರು ತಿಂದದ್ದು, ರೂಮ್‌ಮೇಟ್ ಅಡುಗೆ, ಏನಾದರೂ ಸರಿ. ಮೊದಲ ವಾರ ಅವಳು ಇಟ್ಟುಬಿಟ್ಟರೂ ಅವರು ಬಿಡಬಾರದು.

ರಾತ್ರಿ 1 ಗಂಟೆಯ ಚಾಟ್ ಬಗ್ಗೆಯೂ ಒಂದು ಒಪ್ಪಂದ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ಬೇಗ ನಿದ್ದೆ ಬಾರದಿರುವುದು ಅವಳ ಸೊಕ್ಕಲ್ಲ. ಆದರೂ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ನಿದ್ದೆಗೆಟ್ಟ ತಲೆಗೆ ರಾತ್ರಿ 1ಕ್ಕೆ ಎಲ್ಲವೂ ಎರಡು ಪಟ್ಟು ಕಪ್ಪಾಗಿ ಕಾಣುತ್ತದೆ. ಚಾಟ್ ಮಾಡುವುದಿದ್ದರೆ ಸಂಜೆ 7ಕ್ಕೆ ಮಾಡಲಿ. 11ರ ನಂತರ ಮನೆಯ ಎಲ್ಲರ ಫೋನೂ ಚಾವಡಿಯಲ್ಲಿ ಚಾರ್ಜಿಗೆ. ಎಲ್ಲರದ್ದೂ ಎಂದರೆ ನಿಮ್ಮದೂ ಸೇರಿ. ತಡೆಯಲಾರದ ರಾತ್ರಿ ಬಂದರೆ ನಿಮ್ಮನ್ನು ಎಬ್ಬಿಸಲಿ, ಇಲ್ಲವೇ ಚಾವಡಿಗೆ ಬಂದು 14416 ಒತ್ತಲಿ.

ಆ ನಂಬರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ, ಬೇಕಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಸರ್ಕಾರಿ ವ್ಯವಸ್ಥೆಗೆ ಜೋಡಿಸುತ್ತಾರೆ. ಗುರುತಿಲ್ಲದ ಕಿವಿ ಬೇಕು ಎಂಬ ಅವಳ ಆಸೆಯೂ ಈಡೇರುತ್ತದೆ, ಅಪಾಯದ ಹೊತ್ತಿಗೆ ಆಚೆ ಕಡೆ ಏನು ಮಾಡಬೇಕೆಂದು ಗೊತ್ತಿರುವವರೂ ಇರುತ್ತಾರೆ. ನನ್ನ ಹತ್ತಿರ ಬರುವ ಮಕ್ಕಳ ಫೋನಿನಲ್ಲಿ ಈ ನಂಬರನ್ನು ನಾನೇ ಸೇವ್ ಮಾಡಿಸುತ್ತೇನೆ. ಒಬ್ಬಳು "ಅಜ್ಜಿ ಮನೆ" ಎಂಬ ಹೆಸರಿನಲ್ಲಿ ಸೇವ್ ಮಾಡಿಕೊಂಡಳು.

ಆದರೂ ನಿಮ್ಮ ಮಗಳನ್ನು ಒಮ್ಮೆ ಎದುರು ಕೂತು ನೋಡಬೇಕು. ನಾಲ್ಕು ತಿಂಗಳ ಬದಲಾವಣೆ ಸಣ್ಣದಲ್ಲ. ನಾವು ಎರಡು ವಾರ ಬಿಡದೆ ಇದ್ದರೇ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಮನೋವೈದ್ಯರೆಂದರೆ ಮೊದಲ ದಿನವೇ ಮಾತ್ರೆ ಎಂದು ಅಂಜಬೇಡಿ. ಕೆಲವು ಸಲ ಮೊದಲು ರಕ್ತಪರೀಕ್ಷೆ ಮಾಡಿಸುತ್ತೇವೆ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ ಮಂಕು ಬರುತ್ತದೆ. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಕಮ್ಮಿ ಏನಿಲ್ಲ. ಆಮೇಲೆ ಮಾತಿನ ಥೆರಪಿ. ಮಾತ್ರೆ ಬೇಕೇ ಆದರೆ ಖಿನ್ನತೆಯ ಮಾತ್ರೆ ಚಟ ಹಿಡಿಸುವಂಥದ್ದಲ್ಲ. ಮೊದಲ ಕೆಲವು ವಾರ ಮಗುವನ್ನು ಹತ್ತಿರದಿಂದ ಗಮನಿಸಬೇಕು, ನಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು, ಅಷ್ಟೇ. ಯಾವುದೋ ಆಪ್‌ನವರು ಅವಳೊಬ್ಬಳ ಹತ್ತಿರವೇ ಮಾತಾಡಿ ಮಾತ್ರೆ ಬರೆದುಕೊಟ್ಟರೆ ಮುಟ್ಟಬೇಡಿ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ 18 ತುಂಬದವರನ್ನು ಆನ್‌ಲೈನಿನಲ್ಲಿ ನೋಡುವಾಗ ದೊಡ್ಡವರೊಬ್ಬರು ಜೊತೆಗಿರಬೇಕು.

ಎಲ್ಲಿಗೆ ಹೋಗುವುದು ಎಂದರೆ, ಉಡುಪಿಯ ಜಿಲ್ಲಾಸ್ಪತ್ರೆ ಇದೆ, ಮಣಿಪಾಲದ ಕೆಎಂಸಿ ಇದೆ. ನಮ್ಮ ಕಡೆ ಬಂದರೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಇದೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇರುತ್ತದೆ. ಉಡುಪಿಯಲ್ಲಿ ಯಾರಾದರೂ ನೋಡಿಯಾರು ಎಂಬ ಹೆದರಿಕೆ ತೀರಾ ಇದ್ದರೆ ಮಂಗಳೂರಿಗೆ ಬನ್ನಿ. ಕಟಪಾಡಿಯಿಂದ ಬಸ್ಸು ಹತ್ತಿದರೆ ಎಷ್ಟು ಹೊತ್ತು? ಹೆದರಿಕೆಗೆ ಹೀಗೆ ಒಂದು ಸಣ್ಣ ದಾರಿ ಮಾಡಿಕೊಡುವುದರಲ್ಲಿ ತಪ್ಪಿಲ್ಲ. ಡಾಕ್ಟರು ನಿಮ್ಮ ಮಗಳ ವಿಷಯವನ್ನು ಹೊರಗೆ ಹೇಳುವ ಹಾಗಿಲ್ಲ, ಕಾನೂನೇ ತಡೆಯುತ್ತದೆ. ಇನ್ನು ಮದುವೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಇತ್ತು. ಆ ಲೆಕ್ಕದಲ್ಲಿ 60 ಮಕ್ಕಳ ಕ್ಲಾಸಿನಲ್ಲಿ ನಾಲ್ವರು. ನಿಮ್ಮ ಬೀದಿಯಲ್ಲೂ ಇದ್ದಾರೆ, ನಿಮ್ಮ ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದಾರೆ. ಇನ್ನೂ 10 ವರ್ಷದ ಆಚೆಯ ಮದುವೆಗೆ ಹೆದರಿ ಈ ವರ್ಷದ ಚಿಕಿತ್ಸೆ ತಪ್ಪಿಸಬೇಡಿ. ಚಿಕಿತ್ಸೆ ಸಿಕ್ಕ ಮಕ್ಕಳು ಓದಿ, ಕೆಲಸ ಹಿಡಿದು, ಮದುವೆಯ ಕಾಗದ ಕೊಡಲು ನನ್ನ ಕ್ಲಿನಿಕ್‌ಗೇ ಬಂದಿದ್ದಾರೆ.

ಅತ್ತೆಯವರ ಮಾತಿಗೆ ಜಗಳ ಬೇಡ. ಪ್ರಶ್ನೆ ಇಡಿಸಲಿ, ಹರಕೆ ಹೇಳಿಕೊಳ್ಳಲಿ. ದೈವ "ಯಾನುಲ್ಲೆ" ಎಂದು ಅಭಯ ಕೊಡುವಾಗ ನಮ್ಮ ತುಳುನಾಡಿನವರ ಎದೆ ಎಷ್ಟು ತಣ್ಣಗಾಗುತ್ತದೆ ಎಂದು ನನಗೂ ಗೊತ್ತು, ನಾನೂ ಅದೇ ಮಣ್ಣಿನವಳು. "ನಾನಿದ್ದೇನೆ" ಎಂಬ ಆ ಮಾತನ್ನೇ ನಿಮ್ಮ ಮಗಳು ರಾತ್ರಿ 11ಕ್ಕೆ ಫೋನಿನಲ್ಲಿ ಹುಡುಕುತ್ತಿರುವುದು. ಎರಡು ಶರತ್ತು ಮಾತ್ರ ಹಾಕಿ. ಡಾಕ್ಟರ ಭೇಟಿ ಇದಕ್ಕಾಗಿ ಮುಂದೆ ಹೋಗಬಾರದು. ಅವಳನ್ನು ಹತ್ತು ಜನರ ಮುಂದೆ ನಿಲ್ಲಿಸಿ "ಇವಳಿಗೆ ಹೀಗೆ ಹೀಗೆ" ಎಂದು ಹೇಳಬಾರದು.

ಅಣ್ಣನಿಗೆ ಒಂದು ಕೆಲಸ ಕೊಡಿ. ಸಿಟ್ಟಿರುವ ಗಂಡಸರಿಗೆ ಕೆಲಸ ಕೊಟ್ಟರೆ ಸಿಟ್ಟು ಇಳಿಯುತ್ತದೆ. ಡಾಕ್ಟರ ಹತ್ತಿರ ಹೋಗುವ ದಿನ ಕಾರು ಅವರೇ ತರಲಿ, ದಾರಿಯಲ್ಲಿ ಫೋನಿನ ಮಾತು ಎತ್ತದೇ ಇರಲಿ.

ಆ ವಾಲಂಟಿಯರ್‌ಗೆ ಮಗಳ ಫೋನಿನಿಂದ ನೀವು ಮೆಸೇಜು ಹಾಕಬೇಡಿ. ಬೈಯಲೂ ಬೇಡ, ಥ್ಯಾಂಕ್ಸ್ ಹೇಳಲೂ ಬೇಡ. ಆ ಮಾತು ಮುಗಿಸುವುದಿದ್ದರೆ ಅವಳೇ ಮುಗಿಸಲಿ, ಅವಳಿಗೆ ಬೇಕಾದ ರೀತಿಯಲ್ಲಿ.

ಮುಂದಿನ ವಾರ ನನಗೆ ಮತ್ತೆ ಬರೆಯಿರಿ. ಇವತ್ತು ರಾತ್ರಿ ಕೇಳಿದ್ದಕ್ಕೆ ಅವಳು ಏನು ಹೇಳಿದಳು ಎಂಬುದನ್ನು ಮೊದಲು ಬರೆಯಿರಿ. ಭಾನುವಾರ ಹೂ ಕಟ್ಟಲು ಬಂದು ಕೂತಳಾ ಎಂಬುದನ್ನು ಆಮೇಲೆ.